ಭಾವನ ಮುಂಡಿಗೆ ದೀಪ ಹೊಲಿದದ್ದು

ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ. ನನಗೆ ಆಗ ಐವತ್ತೆರಡು ವರ್ಷ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣವನ್ನು ಬೋಧಿಸಿ ಸ್ವಯಂನಿವೃತ್ತಿ ಪಡೆದಿದ್ದ ನಾನು, ತಿದ್ದುವುದಕ್ಕೆ ಉತ್ತರಪತ್ರಿಕೆಗಳಿಲ್ಲದೆ ಮನೆಗೆ ಬಂದ ನೆಂಟರ ಮಾತುಗಳನ್ನು ತಿದ್ದಲು ಆರಂಭಿಸಿದ್ದೆ. ನೆಂಟರು ಬರುವುದು ಕಡಿಮೆಯಾದಾಗ ನನ್ನ ಹೆಂಡತಿ ನನ್ನನ್ನು ಬಡಾವಣೆಯ ಬೇಸಗೆ ಶಿಬಿರಕ್ಕೆ ಅಟ್ಟಿದಳು. ಅಲ್ಲಿ ನಾನು ಮಕ್ಕಳಿಗೆ ಶುದ್ಧ ಬರವಣಿಗೆಯನ್ನು ಕಲಿಸಬೇಕಿತ್ತು. ನನ್ನ ಕೊಠಡಿಗೆ ಒಂದು ಮಗುವೂ ಬರಲಿಲ್ಲ. ಪಕ್ಕದ ಕೊಠಡಿಯಲ್ಲಿ ಬಟ್ಟೆಯ ಮೇಲೆ ದೀಪ ಹೊಲಿಯುವುದನ್ನು ಕಲಿಸುತ್ತಿದ್ದರು. ಅಲ್ಲಿ ನಿಲ್ಲಲು ಸ್ಥಳವಿರಲಿಲ್ಲ. ಎರಡನೆಯ ದಿನ ಬೆಳಗ್ಗೆ ನಾನು ಕೊಠಡಿಗೆ ಬೀಗ ಹಾಕಿ, ಆ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕುಳಿತು ವಿದ್ಯಾರ್ಥಿಯಾದೆ.

ಆ ವಿದ್ಯೆ ನನಗೆ ಹಿಡಿಸಿತು. ಉಕ್ಕಿನ ಎಳೆಗಳಿಂದ ನೂತ ಬೂದುಬಣ್ಣದ ದಾರವೊಂದಿದೆ. ಸಾಮಾನ್ಯ ದಾರದಂತೆಯೇ ಸೂಜಿಗೆ ಪೋಣಿಸಬಹುದು, ಆದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಅಂಗಿಯ ಗುಂಡಿಯಷ್ಟು ಅಗಲದ ಎಲ್‌ಇಡಿ ದೀಪಗಳಿವೆ. ಎರಡು ಬದಿಗೂ ತೂತುಗಳಿರುವುದರಿಂದ ಗುಂಡಿಯನ್ನು ಹೊಲಿದಂತೆಯೇ ಹೊಲಿಯಬಹುದು. ಕೈಗಡಿಯಾರದಲ್ಲಿರುವಂಥ ಬಿಲ್ಲೆ ಬ್ಯಾಟರಿ, ಅದನ್ನು ಕೂರಿಸುವ ಪುಟ್ಟ ಮನೆ, ಒಂದು ಪ್ರೆಸ್ ಬಟನ್, ಇಷ್ಟಾದರೆ ಸಾಕು. ಬ್ಯಾಟರಿಯ ಒಂದು ಬದಿಯಿಂದ ಹೊರಟ ದಾರವು ದೀಪವನ್ನು ಹಾದು ಇನ್ನೊಂದು ಬದಿಗೆ ಮರಳಿ ಸೇರಬೇಕು. ಹೋಗುವ ದಾರವೂ ಬರುವ ದಾರವೂ ನಡುದಾರಿಯಲ್ಲಿ ಒಂದನ್ನೊಂದು ಮುಟ್ಟಬಾರದು. ಮುಟ್ಟಿದರೆ ದೀಪ ಆರುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ. ಇಷ್ಟು ಕಟ್ಟುನಿಟ್ಟಿನ ನಿಯಮಗಳುಳ್ಳ, ಅಪವಾದಗಳೇ ಇಲ್ಲದ ಶಾಸ್ತ್ರವನ್ನು ನಾನು ಹಿಂದೆ ಕಂಡಿರಲಿಲ್ಲ. ಕೆಲವೇ ತಿಂಗಳಲ್ಲಿ ನಮ್ಮ ಮನೆಯ ದಿಂಬು, ಪರದೆ, ಹೆಂಡತಿಯ ಅಡುಗೆಮನೆಯ ಮಸಿಬಟ್ಟೆ ಎಲ್ಲವೂ ಬೆಳಗಿದವು.

ಈ ಸಾಧನೆಗಳನ್ನು ನಾನು ಫೋನಿನಲ್ಲಿ ತಂಗಿ ಸುಮಿತ್ರೆಗೆ ಸವಿಸ್ತಾರವಾಗಿ ವರ್ಣಿಸುತ್ತಿದ್ದೆನೆಂಬುದೇ ಪ್ರಯಾಣಕ್ಕೆ ಕಾರಣ. ಅವಳು ತಿರುವನಂತಪುರದ ಪಟ್ಟಂನಲ್ಲಿದ್ದಾಳೆ. ಅವಳ ಗಂಡ ಶಂಕರ ಭಾವ ಕಾಸರಗೋಡು ಕಡೆಯವರು. ಈಗ ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಅಧಿಕಾರಿಗಳು. ಸಕ್ಕರೆ ಕಾಯಿಲೆಯ ಕಾರಣ ವೈದ್ಯರು ಅವರಿಗೆ ಸಂಜೆಯ ನಡಿಗೆಯನ್ನು ವಿಧಿಸಿದ್ದರು. ಆದರೆ ಅವರ ಪಾಲಿಗೆ ನಡಿಗೆ ಎಂಬುದು ನೆಪ. ದಾರಿಯ ಕೊನೆಯಲ್ಲಿರುವ ಚಾಯ ಅಂಗಡಿಯ ಬೆಂಚು, ಅಲ್ಲಿ ಸೇರುವ ಹಿರಿಯರ ಹರಟೆ, ಇವೇ ಅವರ ದಿನದ ಸಾರ. ಆ ಒಳರಸ್ತೆಯಲ್ಲಿ ಬೀದಿದೀಪಗಳು ಇದ್ದೂ ಇಲ್ಲದಂತಿವೆ. ಒಂದು ಮುಸ್ಸಂಜೆ ಆಟೋವೊಂದರ ಕನ್ನಡಿ ಅವರ ಮೊಣಕೈಯನ್ನು ಸವರಿಕೊಂಡು ಹೋಯಿತು. ಅಂದಿನಿಂದ ಸುಮಿತ್ರೆ ಅವರ ನಡಿಗೆಯನ್ನು ನಿಲ್ಲಿಸಿದಳು. ಮಗಳು ಹೊಳೆಯುವ ಪಟ್ಟಿಗಳ ಹಸಿರು ಜಾಕೆಟ್ಟೊಂದನ್ನು ತರಿಸಿಕೊಟ್ಟಳು. ಅದನ್ನು ತೊಟ್ಟು ಹೊರಟ ಮೊದಲ ದಿನವೇ ಲಾರಿಯೊಂದು ಭಾವನ ಮುಂದೆ ನಿಂತು ಒಳಚರಂಡಿ ಕೆಲಸ ಯಾವಾಗ ಮುಗಿಯುತ್ತದೆಂದು ಕೇಳಿತು, ಬೈಕಿನವರು ಅವರ ಕೈಸನ್ನೆಗೆ ಕಾದರು. ಭಾವ ಮನೆಗೆ ಮರಳಿ ಜಾಕೆಟ್ಟನ್ನು ಕೊಡೆಯ ಹಿಂದೆ ನೇತುಹಾಕಿದರು.

"ಅಣ್ಣಾ, ಏನಾದರೂ ಹೊಲಿದುಕೊಡು" ಎಂದಳು ತಂಗಿ. "ಬೆಳಗಿದರೆ ಹೊರಗೆ ಹೋಗಲಿ, ಇಲ್ಲದಿದ್ದರೆ ಮನೇಲೇ ಕೂತು ನನ್ನ ತಲೆ ತಿನ್ನಲಿ. ಈಗ ಎರಡನೆಯದೇ ನಡೀತಿದೆ."

ಮೈಸೂರಿನಿಂದ ಕೇರಳಕ್ಕೆ ಹೋಗಿ ಬಂದದ್ದನ್ನು ವಿದೇಶ ಪ್ರವಾಸವೆಂದು ಬರೆಯುವುದು ತಪ್ಪೆಂದು ನನಗೆ ಗೊತ್ತಿದೆ. ಆದರೆ ಗಂಡಸರು ಸೊಂಟಕ್ಕೆ ಸುತ್ತುವ ಬಟ್ಟೆಯ, ಅಂದರೆ ನಮ್ಮ ಪಂಚೆಯ, ಅವರ ಮುಂಡಿನ ವಿಷಯದಲ್ಲಿ ಮಾತ್ರ ಅದು ಬೇರೆಯೇ ರಾಷ್ಟ್ರ. ಇದನ್ನು ನಾನು ತಡವಾಗಿ ಅರಿತೆ.

ಎರ್ನಾಕುಲಂ

ನೇರವಾಗಿ ತಿರುವನಂತಪುರಕ್ಕೆ ಹೋಗದೆ ಎರ್ನಾಕುಲಂನಲ್ಲಿ ಇಳಿದದ್ದಕ್ಕೆ ಸೊಸೆಯೇ ಕಾರಣ. ತಂಗಿಯ ಮಗಳು ಮೈತ್ರಿ ಅಲ್ಲಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಕೇರಳದಲ್ಲೇ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ನಾನು ಪೂರ್ಣ ವಾಕ್ಯದಲ್ಲಿ ಪ್ರಶ್ನೆ ಕೇಳುವುದು, ಅವಳು "ಶರಿ ಮಾಮ" ಎನ್ನುವುದು, ಇದು ನಮ್ಮ ಸಂಭಾಷಣೆ. ಶರಿ ಎಂದರೆ ಸರಿ ಎಂದು ನಾನು ಭಾವಿಸಿದ್ದೆ. ಅವಳ ಬಾಯಲ್ಲಿ ಅದಕ್ಕೆ 'ನೀವು ಮಾತು ನಿಲ್ಲಿಸಬಹುದು' ಎಂಬ ಅರ್ಥವೂ ಇತ್ತು.

ಸರಂಜಾಮೆಲ್ಲವನ್ನೂ ನಾನು ಮೈಸೂರಿನಿಂದಲೇ ತಂದಿದ್ದೆ. ಬ್ಯಾಟರಿ ಕೂರಿಸುವ ಮನೆಗಳು ಮಾತ್ರ ಮೇಲಿನ ಬರ್ತಿನಲ್ಲಿ ಮಲಗಿದ ನನ್ನ ಬೆನ್ನಿನ ಕೆಳಗೆ ಸಿಕ್ಕಿ ಪುಡಿಯಾಗಿದ್ದವು. ಹೊಸವನ್ನು ಕೊಳ್ಳಲು ಮೈತ್ರಿ ನನ್ನನ್ನು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯೊಂದಕ್ಕೆ ಕರೆದೊಯ್ದಳು. ಕೊಚ್ಚಿಯ ಅಂಗಡಿಕಾರರ ಒಂದು ಪದ್ಧತಿ ನನಗೆ ಹೊಸದೆನಿಸಿತು. ನಮ್ಮಲ್ಲಿ ವಸ್ತುವಿನ ಹೆಸರು ಹೇಳಿದರೆ ಕೊಡುತ್ತಾರೆ ಅಥವಾ ಇಲ್ಲವೆನ್ನುತ್ತಾರೆ. ಇಲ್ಲಿ ಅದು ಏತಕ್ಕೆಂದು ಕೇಳುತ್ತಾರೆ, ಕೇಳಿದ ಮೇಲೆ ನಿಮ್ಮ ಸಂಕಟವನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಮುಂಡಿಗೆ ದೀಪ ಹೊಲಿಯಬೇಕೆಂದು ಮೈತ್ರಿ ತಿಳಿಸಿದಾಗ ಮಾಲೀಕರು ನಗಲಿಲ್ಲ. ಪಕ್ಕದ ಅಂಗಡಿಯವರನ್ನು ಕರೆದರು. ಅವರು ಎದುರಿನವರನ್ನು ಕರೆದರು. ಕಾರಿನ ಕೆಳಗೆ ಅಂಟಿಸುವ ನೀಲಿ ದೀಪದ ಪಟ್ಟಿಯೇ ಉತ್ತಮವೆಂದು ಒಬ್ಬರು. ಹಾಗಾದರೆ ಕಾರಿನ ಬ್ಯಾಟರಿಯನ್ನು ಯಾರು ಹೊರಬೇಕೆಂದು ಇನ್ನೊಬ್ಬರು. ಕೊನೆಗೆ ಮಾಲೀಕರು ಮುಂಡು ಉಡುವವರು ನಿಂತಿರುತ್ತಾರೋ ನಡೆಯುತ್ತಾರೋ ಎಂದು ವಿಚಾರಿಸಿದರು. ಅದರಿಂದೇನು ವ್ಯತ್ಯಾಸವೆಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವರು ನನ್ನ ಪಂಚೆಯನ್ನು ನೋಡಿ, ಮೈತ್ರಿಯನ್ನು ನೋಡಿ, ಸುಮ್ಮನೆ ಸಾಮಾನು ಕಟ್ಟಿಕೊಟ್ಟರು. ಅಂದು ಅವರು ಮಾತು ಮುಂದುವರಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಅಪ್ಪನಿಗೆಂದು ಮೈತ್ರಿ ಚಿನ್ನದ ಬಣ್ಣದ ಕಸವು ಅಂಚಿನ ಮುಂಡನ್ನು ಕೊಂಡಿಟ್ಟಿದ್ದಳು. ನಾನು ಅವಳ ಕೊಠಡಿಯ ನೆಲದ ಮೇಲೆ ಅದನ್ನು ಹಾಸಿ, ಅಂಚಿನ ಉದ್ದಕ್ಕೂ ದೀಪಗಳನ್ನು ಹೊಲಿದೆ. ಒಂದೂ ಬೆಳಗಲಿಲ್ಲ. ತಾಳೆ ನೋಡಲು ಮಲ್ಟಿಮೀಟರನ್ನು ತೆಗೆದೆ. ವಿದ್ಯುತ್ತು ಹರಿಯುವಲ್ಲಿ ಮುಟ್ಟಿಸಿದರೆ ಅದು ಕುಂಯ್ಯೆನ್ನುತ್ತದೆ. ಅಂಚಿನ ಯಾವ ತುದಿಗೆ ಮುಟ್ಟಿಸಿದರೂ ಅದು ಕುಂಯ್ಯೆನ್ನತೊಡಗಿತು. ಜರಿ ಲೋಹದ್ದಾಗಿತ್ತು, ನನ್ನ ಹೋಗುವ ದಾರ, ಬರುವ ದಾರ ಎರಡನ್ನೂ ಅದು ಕೂಡಿಸಿಬಿಟ್ಟಿತ್ತು.

ಇದು ಒಂದು ಪಾಠವಾಗಿ ಮುಗಿಯಬೇಕಿತ್ತು. ಆದರೆ ಎದುರು ಮನೆಯ ಆಂಟಿ ಈ ಸದ್ದು ಕೇಳಿ ಒಳಬಂದು ವಿಷಯ ತಿಳಿದು, ತಮ್ಮ ಮದುವೆಯ ಸೀರೆಯನ್ನು ತಂದು ಪರೀಕ್ಷಿಸುವಂತೆ ಕೋರಿದರು. ಅದು ಕುಂಯ್ಯೆಂದಿತು, ಅವರು ಹಿಗ್ಗಿದರು. ಬಳಿಕ ನಾದಿನಿ ಉಡುಗೊರೆ ಕೊಟ್ಟ ಸೀರೆಯನ್ನು ತಂದರು. ಮೀಟರು ತುಟಿ ಬಿಚ್ಚಲಿಲ್ಲ. ಸಂಜೆಯೊಳಗೆ ಆ ಮಹಡಿಯ ಸೀರೆಗಳೆಲ್ಲ ನನ್ನ ಮುಂದೆ ಸಾಲಾದವು, ಎರಡು ಮನೆಗಳ ನಡುವೆ ಮಾತು ನಿಂತಿತು. ಮೈತ್ರಿ ಮೀಟರಿನ ಬ್ಯಾಟರಿಯನ್ನು ತೆಗೆದು ತನ್ನ ಚೀಲದಲ್ಲಿಟ್ಟುಕೊಂಡು, "ಮಾಮ, ನಾಳೆ ಬೆಳಗ್ಗೆ ಹೊರಡೋಣ" ಎಂದಳು. ಅವಳು ಕನ್ನಡದಲ್ಲಿ ಪೂರ್ಣ ವಾಕ್ಯ ನುಡಿದದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ.

ಬೆಳಗ್ಗೆ ಹೊರಡುವ ಮೊದಲು ಅವಳು ನನಗೆ ನೀರಿನಾಚೆಗೆ ವಲ್ಲಾರ್ಪಾಡಂ ಬಂದರಿನ ಭಾರೀ ಕ್ರೇನುಗಳನ್ನು ತೋರಿಸಿದಳು. ಮಂಜಿನಲ್ಲಿ ಅವುಗಳ ನೆತ್ತಿಯ ಕೆಂಪು ದೀಪಗಳು ಮಾತ್ರ ಕಾಣುತ್ತಿದ್ದವು. ಅಷ್ಟು ದೊಡ್ಡ ಯಂತ್ರವೇ ದೀಪ ತೊಡಲು ನಾಚುವುದಿಲ್ಲವೆಂದರೆ ಭಾವನದೇನು ಹೆಚ್ಚುಗಾರಿಕೆ ಎಂಬ ವಾದವನ್ನು ನಾನು ಅಲ್ಲೇ ರೂಪಿಸಿಕೊಂಡೆ.

ಪಟ್ಟಂ

ರೈಲಿನಿಂದ ಇಳಿದು ಮನೆ ಮುಟ್ಟಿದಾಗ ಶಂಕರ ಭಾವ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯನ್ನು ನೋಡುತ್ತಿದ್ದರು. ರೈಲು ತಪ್ಪಿಸಿಕೊಂಡವರು ಹಳಿಯನ್ನು ನೋಡುವಂತೆ. ನನ್ನನ್ನು ಕಂಡು ಸಂತೋಷಪಟ್ಟರಾದರೂ ದೀಪಗಳನ್ನು ಕಂಡು ಮುಖ ಸಣ್ಣದು ಮಾಡಿದರು.

"ಎಂತ ಭಾವ, ನನ್ನನ್ನು ಯಕ್ಷಗಾನಕ್ಕೆ ಕಳಿಸುವ ಅಂದಾಜಾ?"

ನಾನು ಕ್ರೇನಿನ ವಾದವನ್ನು ಮಂಡಿಸಿದೆ. ಕ್ರೇನಿಗೆ ಚಾಯ ಅಂಗಡಿಯಲ್ಲಿ ಗೆಳೆಯರಿಲ್ಲವೆಂದು ಅವರು ಉತ್ತರಿಸಿದರು. ಆದರೂ ಹದಿನೈದು ದಿನಗಳ ಬಾಲ್ಕನಿ ಅವರನ್ನು ಮೆತ್ತಗಾಗಿಸಿತ್ತು. ಜರಿಯಿಲ್ಲದ, ಕಪ್ಪು ಅಂಚಿನ ಹತ್ತಿಯ ಮುಂಡೊಂದನ್ನು ಒಪ್ಪಿಸಿದರು.

ನಾನು ವಾಹನಗಳ ನಿಯಮವನ್ನೇ ಅನುಸರಿಸಿದೆ: ಮುಂದೆ ಬಿಳಿಯ ದೀಪಗಳು, ಹಿಂದೆ ಕೆಂಪು ದೀಪಗಳು, ಎಲ್ಲವೂ ಪಾದದ ಬಳಿಯ ಅಂಚಿನಲ್ಲಿ. ಹೋಗುವ ದಾರವನ್ನು ಅಂಚಿಗೆ, ಬರುವ ದಾರವನ್ನು ಅದರ ಮೇಲೊಂದು ಗೇಣಿನಷ್ಟು ದೂರಕ್ಕೆ, ಸ್ಕೇಲು ಹಿಡಿದು ಗೆರೆ ಎಳೆದು ಹೊಲಿದೆ. ಹಾಲ್‌ನ ನಡುವೆ ನಿಲ್ಲಿಸಿ ಪ್ರೆಸ್ ಬಟನ್ ಒತ್ತಿದಾಗ ಭಾವನ ಪಾದಗಳ ಸುತ್ತ ಬೆಳಕಿನ ಬಳೆ ಮೂಡಿತು. ಸುಮಿತ್ರೆ ಅವರನ್ನು ಒಂದು ಸುತ್ತು ತಿರುಗಿಸಿ ನೋಡಿ, ಗಂಡನಿಗೆ ಹೊರಗೆ ಹೋಗಲು ಅನುಮತಿ ಕೊಟ್ಟಳು. ನಾನು ಸಹ ಜೊತೆಗೆ ಹೊರಟೆ.

ಗೇಟು ದಾಟಿದ್ದೇ ತಡ, ಭಾವ ಬಲಗಾಲಿನಿಂದ ಮುಂಡಿನ ಅಂಚನ್ನು ಹಿಮ್ಮಡಿಯಲ್ಲಿ ಮೇಲಕ್ಕೆ ಚಿಮ್ಮಿಸಿ, ಗಾಳಿಯಲ್ಲೇ ಎರಡೂ ಕೈಗಳಿಂದ ಹಿಡಿದು, ಮಡಚಿ, ಸೊಂಟಕ್ಕೆ ಸಿಕ್ಕಿಸಿದರು. ನಡಿಗೆ ತಪ್ಪಲಿಲ್ಲ, ಮಾತು ನಿಲ್ಲಲಿಲ್ಲ. ಮುಂಡು ಮೊಣಕಾಲಿನವರೆಗೆ ಏರಿತು. ನನ್ನ ದೀಪಗಳೆಲ್ಲ ಸೊಂಟದ ಗಂಟಿನೊಳಗೆ ಸೇರಿ ಆರಿದವು.

ಓದುಗರು ಕೇಳಬಹುದು: ಎರಡು ದಿನಗಳಿಂದ ಎರ್ನಾಕುಲಂನ ಪ್ರತಿಯೊಂದು ಬೀದಿಯಲ್ಲಿ ಗಂಡಸರು ಮಾಡುತ್ತಿದ್ದುದನ್ನು ನೀವು ನೋಡಿರಲಿಲ್ಲವೇ? ನೋಡಿದ್ದೆ. ನೋಡಿ, ಅದನ್ನು ಅಶಿಸ್ತೆಂದು ತೀರ್ಮಾನಿಸಿ, ಲೆಕ್ಕದಿಂದ ಕೈಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಪಂಚೆಯೆಂದರೆ ಪಾದದವರೆಗೆ ಇಳಿಬಿಟ್ಟದ್ದು. ರಸ್ತೆಯಲ್ಲಿ ಎತ್ತಿ ಕಟ್ಟುವುದೆಂದರೆ ಜಗಳಕ್ಕೆ ಸಿದ್ಧನಾದನೆಂದು ಅರ್ಥ. ಇಲ್ಲಿ ಹಾಗಲ್ಲ. ನಡೆಯುವಾಗ ಎತ್ತಿ ಕಟ್ಟುತ್ತಾರೆ. ಹಿರಿಯರು ಎದುರಾದರೆ ಗೌರವದಿಂದ ಇಳಿಸುತ್ತಾರೆ. ಹಿರಿಯರು ದಾಟಿದ ಮೇಲೆ ಮತ್ತೆ ಎತ್ತುತ್ತಾರೆ. ಇಡೀ ರಾಜ್ಯದ ಗಂಡಸರು ದಿನವಿಡೀ ಹೀಗೆ ಏರಿಳಿಸುತ್ತಲೇ ಇರುತ್ತಾರೆ.

"ಭಾವ," ಎಂದರು ಶಂಕರ ಭಾವ ಸ್ವಲ್ಪ ದೂರ ನಡೆದ ಮೇಲೆ, "ಸೊಂಟದ ಹತ್ರ ಎಂತದೋ ಬೆಚ್ಚಗೆ ಆಗ್ತಾ ಉಂಟಲ್ಲ? ಹಿತವಾಗಿಯೇ ಉಂಟು, ಆದರೂ ಹೇಳಿದೆ."

ಗಂಟಿನೊಳಗೆ ನನ್ನ ಎರಡು ದಾರಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ನಾನು ಬ್ಯಾಟರಿಯನ್ನು ತೆಗೆಯಲು ಅವರ ಸೊಂಟಕ್ಕೆ ಕೈಹಾಕುವಷ್ಟರಲ್ಲಿ ಎದುರಿನಿಂದ ಭಾಸ್ಕರನ್ ಮಾಷ್ ಬಂದರು.

ಚಾಯ ಅಂಗಡಿ

ಇಲ್ಲಿ ಮೇಷ್ಟರನ್ನು ಮಾಷ್ ಎನ್ನುತ್ತಾರೆ. ಭಾಸ್ಕರನ್ ಮಾಷ್ ಆ ಬೆಂಚಿನ ಹಿರಿಯರು, ಎಂಬತ್ತು ದಾಟಿದವರು, ಶಂಕರ ಭಾವ ಕಾಸರಗೋಡಿನಿಂದ ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕಿಕೊಟ್ಟವರು. ಅವರನ್ನು ಕಂಡೊಡನೆ ಭಾವ ಗಂಟನ್ನು ಸಡಿಲಿಸಿ ಮುಂಡನ್ನು ಇಳಿಸಿದರು. ಬಿಡಿಸಿಕೊಂಡ ದಾರಗಳು ದೂರವಾದವು. ಮಾಷ್ ಅವರ ಎದುರು ಭಾವನ ಪಾದಗಳ ಸುತ್ತ ಬಿಳಿಯೂ ಕೆಂಪೂ ಆದ ದೀಪಮಾಲೆ ಒಮ್ಮೆಲೇ ಬೆಳಗಿತು.

ಮಾಷ್ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಮುಗಿದರು.

ಅಂಗಡಿಯ ಬೆಂಚಿನಲ್ಲಿ ಅದೇ ಮಾತು. ಗೌರವವನ್ನು ಹೀಗೆ ದೀಪ ಹಚ್ಚಿ ತೋರಿಸುವುದು ಕರ್ನಾಟಕದ ಪದ್ಧತಿಯೇ ಎಂದು ಒಬ್ಬರು ನನ್ನನ್ನು ವಿಚಾರಿಸಿದರು. ಅಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಭಾವ ಪಳಂಪೊರಿಯ ತುಂಡನ್ನು ನನ್ನ ಬಾಯಿಗಿಟ್ಟರು. ಬಾಳೆಹಣ್ಣಿನ ಆ ಬಜ್ಜಿ ನಾನು ಕೇರಳದಲ್ಲಿ ತಿಂದ ಅತ್ಯುತ್ತಮ ವಸ್ತು; ಅದು ಸುಳ್ಳಿಗೆ ಒತ್ತಾಸೆಯಾದದ್ದು ಅದರ ತಪ್ಪಲ್ಲ.

ತೊಂದರೆ ಬಂದದ್ದು ತಂಪಿ ಸಾರ್ ಅವರಿಂದ. ತಂಪಿ ಸಾರ್ ಭಾವನ ಕಚೇರಿಯಲ್ಲಿಯೇ ಅವರ ಮೇಲಧಿಕಾರಿಯಾಗಿ ಈಚೆಗೆ ನಿವೃತ್ತರಾದವರು. ಅಧಿಕಾರದಲ್ಲಿದ್ದಾಗ ಅವರನ್ನು ಕಂಡರೆ ಭಾವ ಮುಂಡನ್ನು ಪೂರ್ತಿ ಇಳಿಸುತ್ತಿದ್ದರಂತೆ. ನಿವೃತ್ತಿಯ ಬಳಿಕ, ಇಳಿಸಲೂ ಮನಸ್ಸಿಲ್ಲದೆ ಇಳಿಸದಿರಲೂ ಧೈರ್ಯವಿಲ್ಲದೆ, ಗಂಟಿನ ಮೇಲೆ ಕೈಯಿಟ್ಟು ಇಳಿಸುವವರಂತೆ ನಟಿಸಿ ಮಾತು ಬೆಳೆಸುತ್ತಿದ್ದರು. ಮಬ್ಬಿನಲ್ಲಿ ಅದು ನಡೆದುಹೋಗುತ್ತಿತ್ತು. ಅಂದು ತಂಪಿ ಸಾರ್ ಬಂದಾಗಲೂ, ಬೆಂಚಿನಲ್ಲಿ ಕೂರುವಾಗ ಮುಂಡನ್ನು ಮತ್ತೆ ಎತ್ತಿ ಕಟ್ಟಿದ್ದ ಭಾವ ಎದ್ದು ನಿಂತು ಅಭ್ಯಾಸದಂತೆ ಗಂಟಿನ ಮೇಲೆ ಕೈಯಿಟ್ಟರು. ಗಂಟು ಕ್ಷಣಕಾಲ ಸಡಿಲಿ ದೀಪಗಳು ಒಮ್ಮೆ ಮಿಣುಕ್ ಎಂದು ಆರಿದವು.

ಮಾಷ್ ಅವರಿಗೆ ದೀಪೋತ್ಸವ, ತಮಗೆ ಒಂದು ಮಿಣುಕು: ತಂಪಿ ಸಾರ್ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಚಾಯವನ್ನು ಅರ್ಧಕ್ಕೆ ಬಿಟ್ಟು, ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

"ಇಷ್ಟು ವರ್ಷ ನನ್ನ ಮರ್ಯಾದೆ ಕತ್ತಲೆಯಲ್ಲಿ ಸುರಕ್ಷಿತ ಇತ್ತು" ಎಂದರು ಶಂಕರ ಭಾವ ಮನೆಗೆ ಮರಳುತ್ತಾ. "ನೀವು ಅದಕ್ಕೆ ಮೀಟರ್ ಇಟ್ರಿ ಮಾರಾಯ್ರೆ."

ಇಷ್ಟೇ ಆಗಿದ್ದರೆ ಸಮಾಧಾನ ಹೇಳಬಹುದಿತ್ತು. ಆದರೆ ಬಾಲ್ಕನಿಯಿಂದ ಎಲ್ಲವನ್ನೂ ನೋಡಿದ್ದ ಸುಮಿತ್ರೆ ತೀರ್ಪು ಕೊಟ್ಟಿದ್ದಳು. ರಸ್ತೆಯಲ್ಲಿ ನಡೆಯುವಾಗ ಕತ್ತಲೆ, ಒಂದು ಕಡೆ ನಿಂತು ಹರಟುವಾಗ ಬೆಳಕು. ಇಂಥ ದೀಪಕ್ಕಿಂತ ಬಾಲ್ಕನಿಯೇ ವಾಸಿ. ಭಾವ ಹೋಗಿ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತರು.

ಪಟ್ಟಂ, ಎರಡನೆಯ ಮುಂಡು

ನಾನು ಸೋಲೊಪ್ಪಲಿಲ್ಲ. ಮೈತ್ರಿ ಹಳೆಯ ಬೆಡ್‌ಶೀಟೊಂದನ್ನು ತನ್ನ ಜೀನ್ಸಿನ ಮೇಲೆ ಸುತ್ತಿಕೊಂಡು ಹಾಲ್‌ನಲ್ಲಿ ಅಪ್ಪನಂತೆ ಚಿಮ್ಮಿಸಿ ಚಿಮ್ಮಿಸಿ ತೋರಿಸಿದಳು; ನಾನು ನೆಲದ ಮೇಲೆ ಬಗ್ಗಿ ಕುಳಿತು ಬಟ್ಟೆಯ ಯಾವ ಮುಖ ಎಲ್ಲಿಗೆ ಬರುತ್ತದೆಂದು ಗುರುತು ಮಾಡಿದೆ. ಮಡಚಿದಾಗ ಹೊರಗೆ ಕಾಣುವುದು ಬಟ್ಟೆಯ ಒಳಮೈ. ಹಾಗಾದರೆ ದೀಪಗಳು ಒಳಮೈಯಲ್ಲಿರಬೇಕು. ಸಿಕ್ಕಿಸುವ ಅಂಚಿಗೊಂದು, ಸೊಂಟಕ್ಕೊಂದು, ವಿದ್ಯುತ್ತು ಹರಿಯುವ ಬಟ್ಟೆಯ ತೇಪೆ ಹಾಕಿದರೆ, ಸಿಕ್ಕಿಸಿದಾಗ ಅವೆರಡೂ ಕೂಡಿ ದೀಪ ಹತ್ತುತ್ತದೆ, ಇಳಿಸಿದಾಗ ಬಿಟ್ಟು ಆರುತ್ತದೆ. ಹೋಗುವ ದಾರದ ಮೇಲೆ ಈ ಬಾರಿ ಬಟ್ಟೆಯ ಪೈಪಿಂಗ್ ಪಟ್ಟಿ ಹೊಲಿದು ಮುಚ್ಚಿದೆ. ಗುಂಡಿ ಬೇಡ; ಮುಂಡೇ ಗುಂಡಿ. ಇದೇ ಮಾದರಿಯಲ್ಲಿ ನನಗೂ ಒಂದು ಪಂಚೆಯನ್ನು ಹೊಲಿದುಕೊಂಡೆ. ಮೈಸೂರಿನಲ್ಲಿ ತೋರಿಸಬೇಕೆಂಬ ಆಸೆ.

ಸಂಜೆ ಭಾವ ಗೇಟಿನ ಬಳಿ ಕಾಲು ಚಿಮ್ಮಿಸಿ ಸಿಕ್ಕಿಸಿದಾಗ ಮೊಣಕಾಲಿನ ಮೇಲೆ ದೀಪಗಳು ಹತ್ತಿದವು. ಎದುರಿನಿಂದ ಬಂದ ಸ್ಕೂಟರು ಪಕ್ಕಕ್ಕೆ ಸರಿಯಿತು. ಮೇಲಿನಿಂದ ಸುಮಿತ್ರೆ ಕೈಬೀಸಿದಳು. ಭಾವ ಬಾಲ್ಕನಿಯಿಂದ ಬಿಡುಗಡೆಯಾದ ಮನುಷ್ಯನಂತೆ ದಾಪುಗಾಲು ಹಾಕಿದರು. ನಾನು ನನ್ನ ಹೊಸ ಪಂಚೆಯನ್ನು ಪಾದದವರೆಗೆ ಇಳಿಬಿಟ್ಟು ಹಿಂದೆ ನಡೆದೆ. ನನ್ನದು ಬೆಳಗಲಿಲ್ಲ, ನಿಜ. ಆದರೆ ತತ್ತ್ವ ಸಿದ್ಧವಾಗಿತ್ತು.

ಚಾಯ ಅಂಗಡಿಯ ಮುಂದೆ ಭಾಸ್ಕರನ್ ಮಾಷ್ ನಿಂತಿದ್ದರು. ಭಾವ ಗೌರವದಿಂದ ಮುಂಡನ್ನು ಇಳಿಸಿದರು. ದೀಪಗಳೆಲ್ಲ ಒಟ್ಟಿಗೆ ಆರಿದವು.

ನಮ್ಮಲ್ಲಿ ಹಿರಿಯರೆದುರು ದೀಪ ಆರಿಸುವುದು ಎಂಥ ಅಪಶಕುನವೆಂದು ವಿವರಿಸಬೇಕಾಗಿಲ್ಲ; ಈ ವಿಷಯದಲ್ಲಿ ಕೇರಳ ವಿದೇಶವಲ್ಲ. ಮಾಷ್ ಅವರ ಮುಖ ಬಿಳಿಚಿತು. ನಮ್ಮಿಬ್ಬರನ್ನೂ ನೋಡಿ, ರಸ್ತೆಯನ್ನು ನೋಡಿ, ಹಿಂತಿರುಗಿ ಮನೆಯತ್ತ ನಡೆದರು. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಂಪಿ ಸಾರ್ ಮೊದಲೇ ಬರುತ್ತಿರಲಿಲ್ಲ. ಮಾಷ್ ಇಲ್ಲದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಪ್ಪಿಸಿದರು. ಭಾವ ಜಗಮಗಿಸುತ್ತಾ ಹೋಗಿ, ಖಾಲಿ ಬೆಂಚಿನಲ್ಲಿ ಕುಳಿತು, ಹಾಲಿಲ್ಲದ ಕಟ್ಟನ್ ಚಾಯ ಕುಡಿದು, ಜಗಮಗಿಸುತ್ತಾ ಮರಳುತ್ತಿದ್ದರು.

"ಬೆಳಕೇನೋ ಉಂಟು ಭಾವ" ಎಂದರು ಅವರು ಒಂದು ಸಂಜೆ. "ಹೋಗುವ ಜಾಗ ಇಲ್ಲ."

ಸುಮಿತ್ರೆ ಇದನ್ನು ಅಡುಗೆಮನೆಯಿಂದ ಕೇಳಿಸಿಕೊಂಡಳು. ಊಟಕ್ಕೆ ಕುಳಿತಾಗ ನನ್ನ ಎಲೆಗೆ ಎರಡನೆಯ ಸಲ ತುಪ್ಪ ಬೀಳಲಿಲ್ಲ.

ಮಾಷ್ ಅವರ ಗೇಟು

ಭಾನುವಾರ ಸಂಜೆ ಕ್ಷಮೆ ಕೇಳಲು ಹೊರಟೆವು. ಮಾಷ್ ಅವರೊಂದಿಗೆ ಮಾಷ್ ಒಬ್ಬನೇ ಮಾತಾಡಬಲ್ಲನೆಂದು ಭಾವ ನನ್ನನ್ನು ಮುಂದೆ ಮಾಡಿದರು. ಯಾವ ಭಾಷೆಯಲ್ಲಿ ಎಂದು ಯಾರೂ ಯೋಚಿಸಿರಲಿಲ್ಲ. ಮೈತ್ರಿ ದುಭಾಷಿಯಾಗಿ ಬಂದಳು. ದಾರಿಯುದ್ದಕ್ಕೂ ನಾನು ದೀರ್ಘವಾದ, ನಿರ್ದೋಷವಾದ ಕ್ಷಮಾಪಣೆಯ ವಾಕ್ಯವೊಂದನ್ನು ಕಟ್ಟಿದೆ. ವಿದ್ಯುತ್ತಿನ ಗುಣ, ಬಟ್ಟೆಯ ಒಳಮೈ, ನಮ್ಮ ಸದುದ್ದೇಶ, ಅಪಶಕುನದ ಅನುದ್ದೇಶ ಎಲ್ಲವೂ ಅದರಲ್ಲಿ ಅಡಕವಾಗಿದ್ದವು.

ಮಾಷ್ ಗೇಟಿನಲ್ಲೇ ಇದ್ದರು. ಅವರ ಪಕ್ಕದಲ್ಲಿ, ನಮ್ಮ ಆಶ್ಚರ್ಯಕ್ಕೆ, ತಂಪಿ ಸಾರ್. ರಸ್ತೆ ಕತ್ತಲಾಗಿತ್ತು. ಭಾವ ಬೆಳಗುತ್ತಾ ಹತ್ತಿರ ಹೋಗಿ, ಎಷ್ಟಾದರೂ ಹಿರಿಯರಲ್ಲವೇ, ಗಂಟಿಗೆ ಕೈ ಹಾಕಿದರು.

ಮಾಷ್ ಎರಡೂ ಕೈಗಳನ್ನು ಎತ್ತಿದರು. "ವೇಂಡ, ವೇಂಡ."

ಬೇಡ, ಬೇಡ. ಇಷ್ಟು ನನಗೂ ಅರ್ಥವಾಯಿತು. ಉಳಿದದ್ದನ್ನು ಮೈತ್ರಿ ಹೇಳಿದಳು, ಕನ್ನಡದಲ್ಲಿ, ತಡವರಿಸುತ್ತಾ. ಅಂದು ಶಂಕರನ್ ತಮ್ಮೆದುರು ಮುಂಡು ಇಳಿಸಿ ದೀಪ ಆರಿದ ಕ್ಷಣದಲ್ಲಿ ಭಾವನ ಹಿಂದಿನಿಂದ ಆಟೋವೊಂದು ಬರುತ್ತಿತ್ತಂತೆ. ಬೆಳಕನ್ನು ನೋಡಿ ಪಕ್ಕಕ್ಕೆ ಹೊರಳುತ್ತಿದ್ದ ಆಟೋ ಬೆಳಕು ಕಾಣೆಯಾದೊಡನೆ ನೇರವಾಯಿತಂತೆ. ಒಂದು ಅಂಗೈಯ ಅಂತರದಲ್ಲಿ ದಾಟಿತಂತೆ. ಮಾತಿನ ಸಂಭ್ರಮದಲ್ಲಿದ್ದ ನಾವಿಬ್ಬರೂ ಅದನ್ನು ನೋಡಿರಲಿಲ್ಲ. ಮಾಷ್ ಮುನಿದು ಹೋದದ್ದಲ್ಲ, ಹೆದರಿ ಹೋದದ್ದು. ತಾನು ಎದುರಿಗೆ ಬಂದರೆ ಶಂಕರನ್ ದೀಪ ಆರಿಸುತ್ತಾನೆ. ತಾನು ಬರದಿದ್ದರೆ ಆರಿಸಬೇಕಾದ ಪ್ರಮೇಯವಿಲ್ಲ. ಆದ್ದರಿಂದ ಅಂಗಡಿಗೆ ಬರುವುದನ್ನೇ ಬಿಟ್ಟು, ಮಹಡಿಯ ಕಿಟಕಿಯಲ್ಲಿ ಕುಳಿತು, ಮೊಣಕಾಲಿನ ದೀಪಗಳು ಹೋಗಿ ಮರಳುವುದನ್ನು ದಿನವೂ ನೋಡಿ ಮಲಗುತ್ತಿದ್ದರು.

ಭಾವ ಗಂಟಿನಿಂದ ಕೈ ತೆಗೆದರು. ನಾನು ಕಟ್ಟಿದ್ದ ವಾಕ್ಯ ಎಲ್ಲಿ ಆರಂಭವಾಗುತ್ತಿತ್ತೆಂಬುದೇ ನನಗೆ ಮರೆತಿತ್ತು.

ಮಾಷ್ ಈಗ ಗಂಟಲು ಸರಿಪಡಿಸಿಕೊಂಡು ತರಗತಿಯ ದನಿಯಲ್ಲಿ ನಿಯಮವೊಂದನ್ನು ವಿಧಿಸಿದರು. ಆ ದನಿಯನ್ನು ಅನುವಾದಿಸಬೇಕಾಗಿರಲಿಲ್ಲ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಶಂಕರನ್ ಯಾರಿಗೂ ಮುಂಡು ಇಳಿಸಕೂಡದು, ತಮಗೂ ಇಲ್ಲ. ಬೆಳಗಿಕೊಂಡಿರುವುದೇ ಗೌರವ.

"ಯಾರಿಗೂ?" ಎಂದು ತಂಪಿ ಸಾರ್ ಕೇಳಿದರು.

"ಯಾರಿಗೂ" ಎಂದರು ಮಾಷ್.

ತಂಪಿ ಸಾರ್ ಯೋಚಿಸಿದರು. ಯಾರಿಗೂ ಇಲ್ಲವೆಂದರೆ ಮಾಷ್ ಅವರಿಗೂ ತಮಗೂ ಸಮಾನವಾಗಿ ಇಲ್ಲ. ಅವರ ಮುಖದಲ್ಲಿ ಹಲವು ದಿನಗಳ ಬಳಿಕ ತೃಪ್ತಿ ಕಾಣಿಸಿತು. ತಮಗೂ ಅಂಥದೊಂದು ಮುಂಡು ಆಗಬಹುದೇ, ಸಾಧ್ಯವಾದರೆ ಶಂಕರನದಕ್ಕಿಂತ ಒಂದೆರಡು ದೀಪ ಹೆಚ್ಚಾಗಿ, ಎಂದು ಮೈತ್ರಿಯ ಮೂಲಕ ನನ್ನನ್ನು ವಿಚಾರಿಸಿದರು. ಮಾಷ್ ತಮಗೂ ಬೇಕೆಂದರು. ತಮ್ಮದಕ್ಕೆ ಹಿಂದಿನ ಕೆಂಪು ದೀಪಗಳು ಬೇಡ, ಈ ವಯಸ್ಸಿನಲ್ಲಿ ತಮ್ಮನ್ನು ಹಿಂದಿನಿಂದ ಬಂದು ದಾಟದವರು ಯಾರೂ ಇಲ್ಲವಾದ್ದರಿಂದ ಹಿಂದೆ ಬಿಳಿಯೇ ಇರಲಿ, ದಾರಿ ತೋರಿಸಿದಂತಾಗುತ್ತದೆ ಎಂದರು.

ಎಲ್ಲರೂ ಚಾಯ ಅಂಗಡಿಯತ್ತ ಹೊರಟೆವು. ಭಾವ ಮುಂದೆ ಬೆಳಗುತ್ತಾ, ಅವರ ಬೆಳಕಿನಲ್ಲಿ ಮಾಷ್, ತಂಪಿ ಸಾರ್, ಮೈತ್ರಿ. ಎಲ್ಲರ ಹಿಂದೆ ಪಾದದವರೆಗೆ ಪಂಚೆ ಇಳಿಬಿಟ್ಟು ಕತ್ತಲೆಯಲ್ಲಿ ನಾನು. ಹಿಂದಿನಿಂದ ಆಟೋವೊಂದು ಹಾರ್ನ್ ಬಾರಿಸಿತು. ಮಾಷ್ ತಿರುಗಿ ನಿಂತು, ಒಬ್ಬ ಮೇಷ್ಟರು ಇನ್ನೊಬ್ಬ ಮೇಷ್ಟರನ್ನು ನೋಡುವ ರೀತಿಯಲ್ಲಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೈಯನ್ನು ಮೇಲಕ್ಕೆ ಆಡಿಸಿದರು.

ಜೀವಮಾನದಲ್ಲಿ ಒಮ್ಮೆಯೂ ನಾನು ರಸ್ತೆಯಲ್ಲಿ ಪಂಚೆಯನ್ನು ಎತ್ತಿ ಕಟ್ಟಿದವನಲ್ಲ. ಭಾವನಂತೆ ಕಾಲು ಚಿಮ್ಮಿಸಿದೆ. ಚಪ್ಪಲಿ ಹಾರಿ ಬೇಲಿಯಾಚೆ ಬಿತ್ತು. ಎರಡನೆಯ ಸಲ ಕೈಗಳಿಂದಲೇ ಎತ್ತಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿದೆ. ನನ್ನ ಬಿಳಿಯ ಮೊಣಕಾಲುಗಳ ಮೇಲೆ ದೀಪಗಳು ಹತ್ತಿದವು. ಆಟೋ ನಿಧಾನವಾಗಿ, ಬಹಳ ಮರ್ಯಾದೆಯಿಂದ, ನನ್ನನ್ನು ಬಳಸಿಕೊಂಡು ಹೋಯಿತು. ಅಂದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ ಡಿಸೆಂಬರ್ ಇಪ್ಪತ್ತೆರಡು, ಭಾನುವಾರ.